ಹುಳುಮನೆಯ ಕೊನೆಯ ಕೋಣೆ

ನಮ್ಮೂರಿಗೆ ಬಂದು ಅಕ್ಕಯಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಹುಳುಮನೆ ಎಲ್ಲಿ ಎಂದು ಕೇಳಿದರೆ ಅರಳಿಕಟ್ಟೆಯ ಮೇಲೆ ಮಲಗಿದ್ದವರೂ ಎದ್ದು ಕೂತು ಕೈ ತೋರಿಸುತ್ತಾರೆ. ಅಲ್ಲಿ ಈಗ ಹೇಳಿಕೊಳ್ಳಲು ಒಂದು ರೇಷ್ಮೆ ಹುಳುವೂ ಇಲ್ಲ. ಇರುವವರೆಲ್ಲ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಮಾಲೂರಿನ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು. ಊರಿನವರು ಅವರನ್ನೆಲ್ಲ ಒಂದೇ ಕಂತೆಗೆ ಕಟ್ಟಿ 'ಹಿಂದಿಯವರು' ಅನ್ನುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಹಿಂದಿ ನಮ್ಮಷ್ಟೇ ಬರುವುದು ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಕೇಳುವವರು ಯಾರು.

ನಾನು ಸುನಂದ, ಈ ಊರಿನ ಆಶಾ ಕಾರ್ಯಕರ್ತೆ. ಅಕ್ಕಯಮ್ಮ ನನ್ನ ಗಂಡನ ದೊಡ್ಡಮ್ಮ, ನನಗೆ ವರಸೆಯಲ್ಲಿ ಅತ್ತೆ. ಸ್ವಂತ ಅತ್ತೆಯ ಕೈಯಲ್ಲಿ ತಿಂದ ಬೈಗುಳಕ್ಕಿಂತ ಈ ಅತ್ತೆಯ ಕೈಯಲ್ಲಿ ತಿಂದದ್ದು ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಹುಳುಮನೆಯ ಕೆಲಸಕ್ಕೆ ಹಾಕಿಕೊಂಡವರು ಇವರೇ. ಚಪ್ಪಲಿ ಹೊರಗೆ ಬಿಡಬೇಕು. ಕೈಕಾಲು ತೊಳೆಯಬೇಕು. ಹತ್ತಿರದಲ್ಲಿ ಒಗ್ಗರಣೆ ಹಾಕಬಾರದು, ಮಲ್ಲಿಗೆ ಮುಡಿದು ಬರಬಾರದು, ಜೋರಾಗಿ ಮಾತಾಡಬಾರದು. ಹೊಸ ಮದುಮಗಳಿಗೆ ಮಲ್ಲಿಗೆ ಬೇಡವೆಂದರೆ ಎಷ್ಟು ಸಿಟ್ಟು ಬಂದಿರಬೇಕು, ನೀವೇ ಯೋಚಿಸಿ. ಆದರೆ ಅತ್ತೆಯ ರೇಷ್ಮೆಗೂಡು ಕೋಲಾರದ ಮಾರ್ಕೆಟ್ಟಿಗೆ ಹೋದರೆ ವ್ಯಾಪಾರಿಗಳು ಅದನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದಕ್ಕೇ ಯಾರೂ ಎದುರು ಮಾತಾಡುತ್ತಿರಲಿಲ್ಲ, ಅವರ ಗಂಡ, ಮಾವ ಕದಿರಪ್ಪನವರೂ ಸೇರಿ.

ಹುಳು ಸಾಕಿದವರಿಗೆ ಗೊತ್ತಿರುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಕದಲದೆ ಕೂತುಬಿಡುತ್ತದೆ. ಇದನ್ನು ನಾವು ಹುಳು ಜ್ವರಕ್ಕೆ ಕೂತಿತು ಎನ್ನುತ್ತೇವೆ. ಹೆಸರು ಹಾಗಿದ್ದರೂ ಅದು ಕಾಯಿಲೆಯಲ್ಲ, ಬೆಳೆಯುವ ರೀತಿ. ಆಗ ಮನುಷ್ಯರು ಮಾಡಬೇಕಾದ ಕೆಲಸ ಒಂದೇ, ಏನೂ ಮಾಡದೆ ಇರುವುದು. ಮುಟ್ಟಬಾರದು, ಸೊಪ್ಪು ಹಾಕಬಾರದು, ತಟ್ಟೆ ಅಲುಗಾಡಿಸಬಾರದು. ತಾನಾಗಿ ಪೊರೆ ಕಳಚಿ ಎದ್ದ ಹುಳು ಮೊದಲಿಗಿಂತ ದಪ್ಪವಾಗಿ, ಹಸಿದು, ಸೊಪ್ಪಿಗೆ ಬಾಯಿ ಹಾಕುತ್ತದೆ. ಅವಸರ ಮಾಡಿ ಕೈ ಹಾಕಿದವರು ಕೆಟ್ಟರು. ಅತ್ತೆ ಜೀವಮಾನವೆಲ್ಲ ನಂಬಿ ನಡೆದ ಮಾತು ಇದು.

ಒಟ್ಟಿಗೆ ಕೂತ ಹುಳುಗಳು ಹೆಚ್ಚು ಕಡಿಮೆ ಒಟ್ಟಿಗೇ ಏಳುತ್ತವೆ. ಏಳದೆ ಉಳಿದವನ್ನು ಅತ್ತೆ ಕಡ್ಡಿಯಿಂದ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ಆ ಬುಟ್ಟಿಯನ್ನು ಹಿತ್ತಲಿನ ಗುಂಡಿಗೆ ಸುರಿದು, ಮೇಲೆ ಸುಣ್ಣ ಚೆಲ್ಲಿ ಬರುವ ಕೆಲಸ ನನ್ನದು. ಒಂದು ಸಲ ತಡೆಯಲಾರದೆ, "ಇವು ಇನ್ನೂ ಬದುಕಿವೆ ಅತ್ತೆ" ಅಂದಿದ್ದೆ.

"ಕನಿಕರ ತೋರ್ಸೋಕೆ ಇದೇನು ಛತ್ರ ಅಲ್ಲ ಕಣೇ. ಇವನ್ನ ಇಟ್ಕೊಂಡ್ರೆ ಇಡೀ ತಟ್ಟೆ ಹೋಗ್ತದೆ. ಸುರಿದು ಬಾ" ಅಂದಿದ್ದರು. ಅವರ ದನಿಯಲ್ಲಿ ಕೋಪವೂ ಇರಲಿಲ್ಲ.

ಆಮೇಲೆ ಮಾವ ತೀರಿಕೊಂಡರು. ಹಿಪ್ಪುನೇರಳೆ ತೋಟದ ಬಹುಪಾಲು ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಸೊಪ್ಪಿಲ್ಲದ ಮೇಲೆ ಹುಳು ಎಲ್ಲಿಂದ ಬರಬೇಕು. ಅತ್ತೆಯ ಮಗ ವೆಂಕಟ್ ಕಂಪನಿಯ ಬಸ್ಸು ಓಡಿಸುವ ಕೆಲಸಕ್ಕೆ ಸೇರಿದ. ಉದ್ದನೆಯ ಹುಳುಮನೆಗೆ ಅಡ್ಡಗೋಡೆ ಎತ್ತಿಸಿ ಕೋಣೆಗಳನ್ನು ಮಾಡಿ ಬಾಡಿಗೆಗೆ ಕೊಟ್ಟ. ಕಿಟಕಿಗೆ ಹೊಡೆದಿದ್ದ ಬಲೆ ಈಗಲೂ ಹಾಗೇ ಇದೆ. ಗುಂಡಿ ಮುಚ್ಚಿ ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು ಹಾಕಿಸಿದ. ಅತ್ತೆ ಮಾತ್ರ ಬದಲಾಗಲಿಲ್ಲ. ಮೊದಲ ಬಾಡಿಗೆದಾರರು ಪೆಟ್ಟಿಗೆ ಹೊತ್ತು ಬಂದ ದಿನ, ಬಾಗಿಲಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಕೂತಿದ್ದರು. ಕಾಲು ತೊಳೆಯದೆ ಒಳಗೆ ಯಾರೂ ಕಾಲಿಡುವಂತಿಲ್ಲ. ಅಸ್ಸಾಮಿನ ಹುಡುಗರು ಇದು ನಮ್ಮ ಕಡೆಯ ಮರ್ಯಾದೆ ಇರಬೇಕೆಂದು ತಿಳಿದು ಕೈ ಮುಗಿದು ಕಾಲು ತೊಳೆದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಶಿವಾನಿ ಬಂದದ್ದೂ ಹಾಗೆಯೇ, ಕಾಲು ತೊಳೆದುಕೊಂಡು. ಜೊತೆಗೆ ಅವಳ ಊರಿನವಳೇ ಆದ ರಂಜಿತ. ಇಬ್ಬರೂ ಒಡಿಶಾದ ರಾಯಗಡದ ಕಡೆಯವರು, ಆಂಧ್ರದ ಗಡಿಗೆ ಹತ್ತಿರ. ಅತ್ತೆ ನಮ್ಮ ಗಡಿಯ ಕಡೆಯ ಅಭ್ಯಾಸಬಲದಿಂದ ತೆಲುಗಿನಲ್ಲಿ, "ಕಾಳ್ಳು ಕಡುಕ್ಕೋನಿ ರಾ" ಅಂದರು. ಕಾಲು ತೊಳೆದು ಬಾ ಎಂದು. ಶಿವಾನಿ ತಲೆಯೆತ್ತಿ ನೋಡಿ, "ಸರೇ ಅವ್ವಾ" ಅಂದಳು. ಅವ್ವ ಅಂದರೆ ಅವಳ ಕಡೆಯೂ ಅಜ್ಜಿ, ನಮ್ಮ ಕಡೆಯೂ ಅಜ್ಜಿ. ಅತ್ತೆಗೆ ಅಷ್ಟು ಸಾಕಾಯಿತು. ಅವತ್ತಿನಿಂದ ಕೊನೆಯ ಕೋಣೆಯ ಆ ಹುಡುಗಿ ಅತ್ತೆಯ ಪಾಲಿಗೆ ಬಾಡಿಗೆದಾರಳಾಗಿ ಉಳಿಯಲಿಲ್ಲ.

ಇಪ್ಪತ್ತು ದಾಟಿರದ ಹುಡುಗಿ, ಎಲ್ಲದಕ್ಕೂ ನಗು. ಅತ್ತೆಯ ಹತ್ತಿರ ಮುದ್ದೆ ಕಟ್ಟುವುದನ್ನು ಕಲಿತಳು. ನುಂಗುವುದನ್ನು ಮಾತ್ರ ಕಲಿಯಲಿಲ್ಲ, ಅಗಿದು ಅಗಿದು ತಿನ್ನುತ್ತಿದ್ದಳು. "ಅದೇನು ಚೂಯಿಂಗ್ ಗಮ್ಮಾ" ಎಂದು ಅತ್ತೆ ರೇಗಿಸುತ್ತಿದ್ದರು. ಶಿಫ್ಟ್ ಮುಗಿಸಿ ಬಂದು ಜಗಲಿಯಲ್ಲಿ ಕೂತರೆ ಅತ್ತೆ ಹಳೆಯ ಹುಳುಗಳ ಕಥೆ ಹೇಳಬೇಕು, ಅವಳು ಕೇಳಬೇಕು. ನಾಲ್ಕು ಜ್ವರದ ಕಥೆ ಅವಳಿಗೆ ಬಾಯಿಪಾಠವಾಗಿತ್ತು.

ಅವಳ ಕೆಲಸ ಫೋನಿನೊಳಗಿನ ಸಣ್ಣ ಭಾಗಕ್ಕೆ ಸ್ಕ್ರೂ ಹಾಕುವುದು. ರಾಗಿ ಕಾಳಿಗಿಂತ ಸಣ್ಣ ಸ್ಕ್ರೂ, ಮೇಲೆ ಭೂತಗನ್ನಡಿ. ಪ್ರತಿಯೊಬ್ಬರ ಜಾಗದ ನೆತ್ತಿಯ ಮೇಲೂ ಒಂದು ಲೈಟು. ಕೆಲಸ ಸರಿಯಾಗಿದ್ದರೆ ಹಸಿರು, ತಪ್ಪಾದರೆ ಕೆಂಪು. ಕೆಂಪು ಹತ್ತಿದರೆ ಇಡೀ ಶೆಡ್ಡಿಗೆ ಕಾಣುತ್ತದೆ. ಮೊದಮೊದಲು ಇದನ್ನೂ ನಗುತ್ತಲೇ ಹೇಳಿದ್ದಳು.

ಮಾವಿನ ಕಾಲ ಶುರುವಾಗುವ ಹೊತ್ತಿಗೆ ರಂಜಿತಳಿಂದ ಬೇರೆ ಮಾಡಿ ಇನ್ನೊಂದು ಲೈನಿಗೆ ಅವಳನ್ನು ಹಾಕಿದರು. ಅಲ್ಲಿ ಅವಳ ಭಾಷೆಯವರು ಒಬ್ಬರೂ ಇಲ್ಲ. ಶಿಫ್ಟೂ ಬೇರೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ರಂಜಿತ ಬರುವಾಗ ಇವಳು ಹೋಗುತ್ತಿದ್ದಳು, ಇವಳು ಬರುವಾಗ ಅವಳು. ಶಿವಾನಿ ಜಗಲಿಗೆ ಬರುವುದು ನಿಂತಿತು. ತಲೆ ಬಾಚುವುದು ನಿಂತಿತು. ಮುದ್ದೆ ತಟ್ಟೆಯಲ್ಲೇ ಒಣಗತೊಡಗಿತು. ಒಂದು ಬೆಳಿಗ್ಗೆ ವೆಂಕಟ್ ಬಸ್ಸು ನಿಲ್ಲಿಸಿಕೊಂಡು ಹಾರನ್ ಹೊಡೆದೇ ಹೊಡೆದ, ಅವಳು ಬರಲಿಲ್ಲ. ಅವನು ಬಸ್ಸು ಬಿಟ್ಟುಕೊಂಡು ಹೋದ. ಅವನಿಗೂ ಟೈಮಿಗೆ ಗೇಟು ಸೇರಬೇಕು.

ಆ ದಿನಗಳಲ್ಲಿ ನಾನು ಊರಲ್ಲಿರಲಿಲ್ಲ. ಮಾವು ಕೀಳುವ ಕೆಲಸಕ್ಕೆ ಶ್ರೀನಿವಾಸಪುರದ ತವರಿಗೆ ಹೋಗಿದ್ದೆ. ನಡೆದದ್ದನ್ನು ಆಮೇಲೆ ರಂಜಿತ ಒಂದಿಷ್ಟು ಹೇಳಿದಳು, ಉಳಿದದ್ದನ್ನು ಅತ್ತೆಯೇ ಹೇಳಿದರು, ಒಂದನ್ನೂ ಮುಚ್ಚಿಡದೆ.

ರಂಜಿತ ಅತ್ತೆಯ ಹತ್ತಿರ ಓಡಿ ಬಂದು, "ಅವ್ವಾ, ಶಿವಾನಿ ಏಳ್ತಿಲ್ಲ. ತಿಂತಿಲ್ಲ. ಮಾತಾಡ್ಸಿದ್ರೆ ಗೋಡೆ ಕಡೆ ತಿರುಗ್ತಾಳೆ" ಅಂದಳು. ಅತ್ತೆ ಹೋಗಿ ಹಣೆ ಮುಟ್ಟಿ ನೋಡಿದರು. ಮೈ ತಣ್ಣಗಿತ್ತು. ಕೆಮ್ಮಿಲ್ಲ, ನೋವಿಲ್ಲ, ವಾಂತಿಯಿಲ್ಲ. ತಿನ್ನುವುದನ್ನು ಬಿಟ್ಟು, ಕದಲದೆ ಮಲಗಿದೆ ಜೀವ. ಇಂಥದ್ದನ್ನು ಅತ್ತೆ ಜೀವನದಲ್ಲಿ ಲಕ್ಷಾಂತರ ಸಲ ನೋಡಿದ್ದರು.

"ಬಿಡು. ಮುಟ್ಬೇಡ. ಯಾರೂ ಎಬ್ಬಿಸ್ಬೇಡಿ. ತಾನಾಗೇ ಏಳ್ತಾಳೆ" ಅಂದರು.

ಬರೀ ಹೇಳಿ ಸುಮ್ಮನಾಗಲಿಲ್ಲ. ಬೆಳಕು ಬೀಳದಂತೆ ಕಿಟಕಿಯ ಬಲೆಗೆ ತಮ್ಮ ಹಳೆಯ ಸೀರೆ ಕಟ್ಟಿದರು. ಪಕ್ಕದ ಕೋಣೆಯ ಹುಡುಗರಿಗೆ ಫೋನಿನಲ್ಲಿ ಹಾಡು ಹಾಕಬೇಡಿ ಎಂದು ಸನ್ನೆ ಮಾಡಿ ಹೇಳಿದರು. ಒಗ್ಗರಣೆಯನ್ನು ಹಿತ್ತಲಿಗೆ ಕಳಿಸಿದರು. ಕೊನೆಗೆ ರಂಜಿತಳ ಚಾಪೆಯನ್ನೇ ಎತ್ತಿ ಮುಂದಿನ ಕೋಣೆಗೆ ಹಾಕಿದರು.

"ಒಬ್ಬಳೇ ಇದ್ರೆ ಅಳ್ತಾಳೆ ಅವ್ವಾ" ಎಂದಳು ರಂಜಿತ.

"ಅಳಲಿ, ಹಗುರ ಆಗ್ತಾಳೆ. ನೀನು ಹೋಗಿ ಬಂದು ಮಾಡ್ತಿದ್ರೆ ಅವಳಿಗೆ ತೊಂದ್ರೆ."

ಬಾಗಿಲಲ್ಲಿ ಒಂದು ಚೊಂಬು ನೀರು, ಮುಚ್ಚಿಟ್ಟ ತಟ್ಟೆ. ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ. ಹುಳುಮನೆಯ ಅಷ್ಟೂ ಜನ ಆ ಬಾಗಿಲ ಮುಂದೆ ಬೆರಳ ತುದಿಯಲ್ಲಿ ನಡೆದರು. ಎಲ್ಲೆಲ್ಲಿಯ ಮಕ್ಕಳೋ, ಒಬ್ಬ ಅಜ್ಜಿಯ ಮಾತಿಗೆ ಉಸಿರು ಬಿಗಿಹಿಡಿದು ಓಡಾಡಿದರು. ಇಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಒಂಟಿ ಮಾಡಿರಲಾರರು.

ನಾನು ತವರಿನಿಂದ ಒಂದು ಚೀಲ ಬಾದಾಮಿ ಮಾವು ಹೊತ್ತು ಬಂದಾಗ ಮಧ್ಯಾಹ್ನ. ಅತ್ತೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಚೀಲ ಇಳಿಸುತ್ತಾ ಜೋರಾಗಿ ಮಾತು ತೆಗೆದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಕಣೇ. ಮಗು ಜ್ವರಕ್ಕೆ ಕೂತವ್ಳೆ."

"ಎಷ್ಟು ಡಿಗ್ರಿ ಇದೆ? ಮಾತ್ರೆ ಕೊಟ್ರಾ?"

"ಆ ಜ್ವರ ಅಲ್ಲ. ಹುಳ ಕೂತ್ಕೊಳ್ತದಲ್ಲ, ಹಂಗೆ. ಇನ್ನೇನು ಏಳ್ತಾಳೆ. ಬೆಳಗ್ಗೆ ಮಾತೂ ಆಡಿದ್ಳು." ಅತ್ತೆಯ ಮುಖದಲ್ಲಿ ಗೆದ್ದ ಕಳೆ ಇತ್ತು. "ನೀಲಗಿರಿ ತೋಪಿನ ಹಿಂದೆ ರೈಲು ಹೋಗ್ತದಲ್ಲ ಅವ್ವಾ, ಅಲ್ಲಿಗೆ ದಾರಿ ಯಾವ್ದು ಅಂದ್ಳು. ಊರಿನ ನೆನಪು ಬಂದದೆ ಪಾಪ. ಬಾವಿ ಪಕ್ಕದ ಕಾಲ್ದಾರಿ ಹಿಡಿದು ಹೋಗ್ಬೇಕು ಅಂತ ಹೇಳ್ದೆ."

ನಾನು ಚೀಲ ಅಲ್ಲೇ ಬಿಟ್ಟು ಒಳಗೆ ಓಡಿದೆ. ತೋಪಿನ ಹಿಂದೆ ಸ್ಟೇಷನ್ ಇಲ್ಲ. ಸ್ಟೇಷನ್ ಇರುವುದು ಮಾಲೂರಿನಲ್ಲಿ, ಅಲ್ಲಿಗೆ ಬಸ್ಸಿನಲ್ಲಿ ಹೋಗಬೇಕು. ತೋಪಿನ ಹಿಂದೆ ಇರುವುದು ಬರೀ ಹಳಿ.

ಕೊನೆಯ ಕೋಣೆಯ ಬಾಗಿಲು ಮುಂದಕ್ಕೆಳೆದಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಯಾರೂ ಇಲ್ಲ. ನೆಲ ಗುಡಿಸಿತ್ತು. ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಯಲ್ಲಿ ಜೋಡಿಸಿತ್ತು. ಅದರ ಮೇಲೆ ಅವಳ ಫೋನು, ಕಾಲಿನ ಗೆಜ್ಜೆ, ರಂಜಿತ ಆಗಾಗ ಕೇಳಿ ಮುಡಿಯುತ್ತಿದ್ದ ಕ್ಲಿಪ್ಪು. ಅತ್ತೆ ಅದನ್ನು ನೋಡಿ, "ಊರಿಗೆ ಹೋಗೋಳು ಫೋನ್ ಯಾಕೆ ಬಿಟ್ಲು" ಅಂದರು. ಅಂದ ಮೇಲೆ ಅವರಿಗೇ ಅರ್ಥವಾಯಿತು. ನಾನು ಅವರ ಮುಖವನ್ನು ಹಾಗೆ ಯಾವತ್ತೂ ನೋಡಿರಲಿಲ್ಲ, ಮಾವ ಸತ್ತ ದಿನವೂ ಸಹ.

ಮಂಡಿ ನೋವೆಂದು ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುವ ಹೆಂಗಸು, ಅವತ್ತು ನನಗಿಂತ ಮುಂದೆ ಓಡಿದರು. ಬರಿಗಾಲು. ಬಾವಿ ದಾಟಿ, ತೋಪಿನೊಳಗೆ, ಉದುರಿದ ಎಲೆಯ ಮೇಲೆ ಜಾರಿ ಎದ್ದು ಮತ್ತೆ ಓಡಿದರು. ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಅತ್ತೆ ತೆಲುಗಿನಲ್ಲಿ ಅವಳ ಹೆಸರು ಕೂಗುತ್ತಿದ್ದರು, ಬಿಟ್ಟು ಹೋಗಬೇಡವೆಂದು ಬೇಡುತ್ತಿದ್ದರು.

ತೋಪಿನ ಅಂಚಿನ ಕೊನೆಯ ಮರದ ಬುಡದಲ್ಲಿ ಶಿವಾನಿ ಕೂತಿದ್ದಳು. ಅಲ್ಲಿಂದ ಹಳಿ ಕೂಗಳತೆ ದೂರ. ಚಪ್ಪಲಿಗಳನ್ನು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದಳು. ಬೆಳಿಗ್ಗೆಯಿಂದ ಅಲ್ಲೇ ಇದ್ದಳಂತೆ. ಮುಂದೆ ಹೋಗಲು ಮನಸ್ಸಿತ್ತು, ಎದ್ದು ನಿಲ್ಲಲು ಶಕ್ತಿ ಇರಲಿಲ್ಲ. ಯಾವ ಏಳಲಾರದ ಭಾರ ಅವಳನ್ನು ಹಾಸಿಗೆಗೆ ಅಂಟಿಸಿತ್ತೋ ಅದೇ ಅವತ್ತು ಅವಳನ್ನು ಮರದ ಬುಡಕ್ಕೆ ಕಟ್ಟಿ ಹಾಕಿತ್ತು. ರೈಲು ಬಂತು, ಸದ್ದು ಮಾಡುತ್ತಾ ಹೋಯಿತು. ಅವಳು ಅದರ ಕಡೆ ನೋಡಲೂ ಇಲ್ಲ. ಗದ್ದ ಎದೆಗೆ ಅಂಟಿಕೊಂಡಿತ್ತು.

ಅತ್ತೆ ಅವಳ ಮುಂದೆ ಕುಕ್ಕರಿಸಿ, ಗಲ್ಲ ಹಿಡಿದು ಮುಖ ಎತ್ತಿದರು. ಕೈ ಬಿಟ್ಟರೆ ಮುಖ ಮತ್ತೆ ಜೋತು ಬಿತ್ತು. ಎರಡು ಸಲ ಹಾಗೆ ಮಾಡಿದರು.

"ಜ್ವರಕ್ಕೆ ಕೂತ ಹುಳ ತಲೆ ಎತ್ತಿರ್ತದೆ ಕಣೇ ಸುನಂದಾ" ಎಂದರು. "ಎತ್ತಿರ್ತದೆ. ತಲೆ ಜೋತುಬಿದ್ರೆ ಅದು ರೋಗ. ನಿಂಗೆ ಹೇಳಿಕೊಟ್ಟೋಳೇ ನಾನು. ಒಂದು ಸಲನಾದ್ರೂ ಇವಳ ತಲೆ ನೋಡ್ಲಿಲ್ವಲ್ಲೇ. ಗೋಡೆ ಕಡೆ ತಿರುಗವ್ಳೆ ಅಂತ ಬಾಗಿಲು ಹಾಕ್ಕೊಂಡು ಬಂದ್ನಲ್ಲ."

ಇಬ್ಬರೂ ಎರಡು ಕಡೆ ಹಿಡಿದು ಅವಳನ್ನು ಮನೆಗೆ ಕರೆತಂದೆವು. ಆ ದಿನವೇ ಬಸ್ಸು ಹತ್ತಿ ಕೋಲಾರದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅತ್ತೆ ಅವಳ ಮಣಿಕಟ್ಟನ್ನು ಹಿಡಿದೇ ಇದ್ದರು.

ಮನೋವೈದ್ಯರು ಕನ್ನಡಕ ಹಾಕಿದ ಚಿಕ್ಕ ವಯಸ್ಸಿನ ಹೆಂಗಸು. ಹಿಂದಿಯಲ್ಲಿ ಕೇಳಿದರು, ಶಿವಾನಿ ಸುಮ್ಮನಿದ್ದಳು. ಅತ್ತೆ ತೆಲುಗಿನಲ್ಲಿ ಕೇಳಿದರು. ಆಗ ಅವಳು ಬಾಯಿ ಬಿಟ್ಟಳು. ಅವಳು ಹೇಳಿದ್ದನ್ನು ಅತ್ತೆ ಕನ್ನಡಕ್ಕೆ ತಿರುಗಿಸಿ ಡಾಕ್ಟರಿಗೆ ಹೇಳುತ್ತಾ ಹೋದರು.

"ಕೈ ನನ್ನ ಮಾತು ಕೇಳ್ತಿಲ್ಲ ಅಂತಾಳಮ್ಮ. ನಡುಗ್ತದಂತೆ. ಸ್ಕ್ರೂ ಬೀಳ್ತದಂತೆ. ಬಿದ್ರೆ ಕೆಂಪು ಲೈಟು. ಎಲ್ರೂ ತಿರುಗಿ ನೋಡ್ತಾರಂತೆ. ಸೂಪರ್‌ವೈಸರ್ರು ಏನೋ ಅಂತಾನಂತೆ, ಇವಳಿಗೆ ಅರ್ಥ ಆಗಲ್ವಂತೆ, ನಗೋದು ಮಾತ್ರ ಅರ್ಥ ಆಗ್ತದಂತೆ. ಮನೆಗೆ ಬಂದು ಕಣ್ಣು ಮುಚ್ಚಿದ್ರೂ ಆ ಲೈಟು ನೆತ್ತಿ ಮೇಲೆ ಉರೀತಾನೇ ಇರ್ತದಂತೆ. ಅದು ಆರಿದ್ರೆ ಸಾಕು ಅನ್ನಿಸ್ತಿತ್ತಂತೆ." ಶಿವಾನಿ ಇನ್ನೂ ಏನೋ ಹೇಳಿದಳು. ಅತ್ತೆ ಅದನ್ನು ಕೂಡಲೇ ಕನ್ನಡಕ್ಕೆ ತರಲಿಲ್ಲ. ಡಾಕ್ಟರು ಕೇಳಿದ ಮೇಲೆ ತಲೆ ತಗ್ಗಿಸಿ ಹೇಳಿದರು. "ಎಲ್ರೂ ದೂರ ಹೋದ್ರಲ್ಲ, ರಂಜಿತಾನೂ ಹೋದ್ಳಲ್ಲ, ನಾನು ಯಾರ್ಗೂ ಬೇಡ ಅಂತ ಗೊತ್ತಾಯ್ತು ಅಂತಾಳೆ."

ಡಾಕ್ಟರು ಅವಸರ ಮಾಡಲಿಲ್ಲ. ಇದು ಕಾಯಿಲೆ, ಸೋಮಾರಿತನವಲ್ಲ, ಹುಚ್ಚೂ ಅಲ್ಲ ಎಂದು ಬಿಡಿಸಿ ಹೇಳಿದರು. ಮಾತ್ರೆ ಕೆಲಸ ಮಾಡಲು ವಾರಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬಾರದು ಎಂದರು. ಉತ್ತರ ಕೊಡದಿದ್ದರೂ ಮಾತಾಡಿಸುತ್ತಿರಬೇಕಂತೆ.

"ಏಳ್ತಾಳಾ ತಾಯಿ?" ಎಂದರು ಅತ್ತೆ.

"ಏಳ್ತಾರೆ. ಆದ್ರೆ ತಾನಾಗೇ ಏಳ್ಲಿ ಅಂತ ಕಾಯ್ಬೇಡಿ. ನೀವು ಇವರಿಗೆ ಏನಾಗ್ಬೇಕು?"

"ಮನೆಯೋರು" ಎಂದರು ಅತ್ತೆ.

ಅವತ್ತೇ ಅತ್ತೆ ತಮ್ಮ ಚಾಪೆಯನ್ನು ಕೊನೆಯ ಕೋಣೆಗೆ ಹಾಕಿದರು. ರಂಜಿತಳ ಚಾಪೆಯೂ ವಾಪಸು ಬಂತು. ಕಿಟಕಿಯ ಸೀರೆ ಬಿಚ್ಚಿ ಒಗೆದು ಒಣಹಾಕಿದರು. ಹುಡುಗರಿಗೆ ಹಾಡು ಹಾಕಲು ಹೇಳಿದರು. ಅವರು ಹಾಕಿದ ಹಾಡಿಗೆ ನನಗೇ ತಲೆ ಸಿಡಿಯುತ್ತಿತ್ತು, ಅತ್ತೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಊರಿನವರು ಸುಮ್ಮನಿರುತ್ತಾರೆಯೇ. ತೋಪಿನ ಗಾಳಿ ಮೆಟ್ಟಿದೆ, ಮುಳಬಾಗಿಲ ಕಡೆ ಒಬ್ಬರು ತಾಯತ ಕಟ್ಟುತ್ತಾರೆ ಎಂದು ಒಬ್ಬಳು ಬಂದು ಹೇಳಿದಳು. ಮೊದಲು ನಿನ್ನ ಸಕ್ಕರೆ ಕಾಯಿಲೆಗೆ ಹೋಗಿ ಕಟ್ಟಿಸಿಕೊಂಡು ಬಾ, ಆಮೇಲೆ ನೋಡೋಣ ಅಂದೆ. ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಒಳ್ಳೆಯದೇ ಆಯಿತು.

ಕಾಂತರಾಜ್ ಬಂದದ್ದು ಆಮೇಲೆ. ಅವನು ನಮ್ಮೂರಿನವನೇ, ಫ್ಯಾಕ್ಟರಿಗೆ ಆಳು ಒದಗಿಸುವ ಕಂಟ್ರಾಕ್ಟರನ ಕೈಕೆಳಗಿನವನು. ಬೈಕಿನಿಂದ ಇಳಿಯದೆಯೇ ಮಾತು ತೆಗೆದ.

"ದೊಡ್ಡಮ್ಮ, ಆ ಹುಡ್ಗಿ ಹೆಸ್ರು ಕಂಪನಿಯಿಂದ ತೆಗೆದಾಯ್ತು. ಟಿಕೆಟ್ ನಾನೇ ಮಾಡಿಸ್ತೀನಿ. ರೈಲು ಹತ್ತಿಸ್ಬಿಡಿ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ನಿಮ್ಗೂ ತಲೆನೋವು, ನಮ್ಗೂ ತಲೆನೋವು."

"ಒಬ್ಬಳನ್ನೇ?"

"ಇನ್ನೇನು, ನಾನು ಹೋಗಿ ಬಿಟ್ಟು ಬರ್ಲಾ? ಕಂಪನಿಯೋರು ನನ್ನ ಕೇಳೋದು ಒಂದೇ, ಬೆಳಗ್ಗೆ ಸೀಟು ತುಂಬ್ತಾ, ಇಲ್ವಾ ಅಂತ. ಒಂದು ಖಾಲಿ ಬಿದ್ರೆ ಆಗ್ಲೇ ಫೋನು." ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ಬೆಚ್ಚಿಬಿದ್ದ ರೀತಿ ನೋಡಿ ನಾನು ಅವನನ್ನು ಬೈಯಬೇಕೆಂದುಕೊಂಡಿದ್ದನ್ನು ಬಿಟ್ಟೆ. ಅವನ ಕಣ್ಣ ಕೆಳಗೂ ಕಪ್ಪಗಾಗಿತ್ತು.

ಅತ್ತೆ ಎದ್ದು ಬೈಕಿನ ಹತ್ತಿರ ಹೋದರು. "ಏಳ್ದೇ ಇರೋರ್ನ ಹೆಕ್ಕಿ ಹಾಕಿ, ಆ ಜಾಗಕ್ಕೆ ಬೇರೆಯೋರ್ನ ಬಿಡ್ತೀರಾ" ಎಂದರು. ಕೇಳಿದ್ದು ಅವನನ್ನಾದರೂ ದನಿ ತಮಗೆ ತಾವೇ ಹೇಳಿಕೊಂಡ ಹಾಗಿತ್ತು. "ಈ ಮನೆಯಿಂದ ನಾನು ಕಳ್ಸಲ್ಲ ಕಣಪ್ಪ. ಅವಳಮ್ಮ ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಲಿ, ಆಗ ಕಳಿಸ್ತೀನಿ."

ಸಂಜೆ ವೆಂಕಟ್ ಕೂಡ ಕೂಗಾಡಿದ. ಪೊಲೀಸು, ಸ್ಟೇಷನ್ನು, ನಾಳೆ ಯಾರೂ ರೂಮು ಹಿಡಿಯುವುದಿಲ್ಲ ಎಂದೆಲ್ಲ ಹೇಳಿದ. ಅವನ ಭಯವನ್ನೂ ನಾನು ಸುಳ್ಳೆನ್ನಲಾರೆ. ಅತ್ತೆ ಎಲ್ಲ ಕೇಳಿಸಿಕೊಂಡು, "ಅವತ್ತು ಹಾರನ್ ಹೊಡೆದು ಹೋದ್ಯಲ್ಲ, ಇಳಿದು ಬಂದು ಯಾಕೆ ಬರ್ಲಿಲ್ಲ ಅಂತ ಕೇಳಿದ್ಯಾ?" ಅಂದರು. ಅವನು ಉಣ್ಣದೆ ಎದ್ದು ಹೋದ. ಮಾರನೆಯ ದಿನದಿಂದ ಬಸ್ಸಿಗೆ ಬಾರದವರ ಬಾಗಿಲು ತಟ್ಟುವುದನ್ನು ಶುರುಮಾಡಿದ. ಬೈದುಕೊಂಡೇ ತಟ್ಟುತ್ತಾನೆ, ಆದರೂ ತಟ್ಟುತ್ತಾನೆ.

ಶಿವಾನಿಯ ಅಮ್ಮನ ಜೊತೆ ರಂಜಿತ ಫೋನಿನಲ್ಲಿ ಮಾತಾಡಿದಳು. ಆ ತಾಯಿಯ ಅಳು ಮಾತ್ರ ನಮಗೆ ಅರ್ಥವಾಯಿತು. ಬಿತ್ತನೆ ಮುಗಿಸಿ ಶಿವಾನಿಯ ಅಣ್ಣನನ್ನು ಕರೆದುಕೊಂಡು ಬರುತ್ತಾಳಂತೆ. ಅಲ್ಲಿಯವರೆಗೆ ಮಾತ್ರೆಗಳು ಅತ್ತೆಯ ಸೆರಗಿನ ಗಂಟಿನಲ್ಲೇ ಇರುತ್ತವೆ, ಹೊತ್ತು ಹೊತ್ತಿಗೆ ಬಿಚ್ಚಿ ಒಂದೊಂದಾಗಿ ಕೊಡುತ್ತಾರೆ. ಮಾತ್ರೆ ಶುರುವಾದ ಮೇಲೂ ಶಿವಾನಿ ಗೋಡೆ ಕಡೆ ತಿರುಗಿದ ದಿನಗಳಿದ್ದವು. ಅತ್ತೆ ಎದ್ದು ಗೋಡೆಗೂ ಅವಳಿಗೂ ನಡುವೆ ಹೋಗಿ ಮಲಗುತ್ತಿದ್ದರು. ಅವಳ ಮುಖ ನೋಡುತ್ತಾ ಮಲಗುತ್ತಿದ್ದರು. ಈಗ ಅತ್ತೆಗೇ ನಿದ್ದೆ ಇಲ್ಲ. ಬಾಗಿಲು ಕಿರ್ರೆಂದರೆ ಎದ್ದು ಕೂರುತ್ತಾರೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇವರನ್ನೂ ತೋರಿಸಬೇಕು ಎಂದುಕೊಂಡಿದ್ದೇನೆ. ಹೇಳಿದರೆ ಬೈಯುತ್ತಾರೆ, ಹೇಳದೆ ತೋರಿಸುತ್ತೇನೆ.

ಮೊನ್ನೆ ಮಧ್ಯಾಹ್ನ ಶಿವಾನಿ ಬಹಳ ದಿನಗಳ ಮೇಲೆ ತಾನಾಗಿ ಜಗಲಿಗೆ ಬಂದು ಕೂತಳು. ರಂಜಿತ ತಲೆ ಬಾಚಿ ಜಡೆ ಹಾಕಿ ಕೆಲಸಕ್ಕೆ ಹೋಗಿದ್ದಳು. ಅತ್ತೆ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ಅವಳು ಒಂದು ಚೂರು ಮುರಿದು ಸಾರಿನಲ್ಲಿ ಹೊರಳಿಸುತ್ತಾ ಕೂತಳು, ಬಾಯಿಗೆ ಇಡಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದಳು.

"ಅವ್ವಾ, ನಿನ್ನ ಹುಳದಲ್ಲಿ ಎಲ್ಲಾ ಎದ್ಮೇಲೂ ಏಳ್ದೇ ಇರೋವು ಇರ್ತಿದ್ವಾ?"

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. "ಇರ್ತಿದ್ವು."

"ಅವನ್ನ ಏನ್ಮಾಡ್ತಿದ್ದೆ?"

ನಾನು ಕೂತ ಜಾಗಕ್ಕೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ನೇರವಾಗಿ ಕಾಣುತ್ತಿತ್ತು. ಅದರ ಕೆಳಗೆ ಏನಿದೆ ಎಂದು ಆ ಜಗಲಿಯಲ್ಲಿ ಗೊತ್ತಿದ್ದವರು ನಾವಿಬ್ಬರೇ. ಅತ್ತೆ ಹುಳುವಿನ ವಿಷಯದಲ್ಲಿ ಒಂದೇ ಒಂದು ಸುಳ್ಳು ಆಡಿದ್ದನ್ನೂ ನಾನು ಕೇಳಿಲ್ಲ. ಗೂಡು ಕೆಟ್ಟಿದ್ದರೆ ವ್ಯಾಪಾರಿಗೂ ಕೆಟ್ಟಿದೆ ಎಂದೇ ಹೇಳುತ್ತಿದ್ದ ಹೆಂಗಸು.

"ಅವನ್ನಾ" ಎಂದರು ಅತ್ತೆ. "ಅವನ್ನ ಬೇರೆ ತಟ್ಟೆಗೆ ಹಾಕ್ಕೊಂಡು, ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಕೊಡ್ತಿದ್ದೆ. ತಡವಾಗಿ ಏಳ್ತಿದ್ವು. ಎದ್ದು ಗೂಡೂ ಕಟ್ತಿದ್ವು."

"ಎಲ್ಲಾನೂ?"

"ಎಲ್ಲಾನೂ ಕಣಮ್ಮ. ಬೇಕಾದ್ರೆ ಸುನಂದನ್ನ ಕೇಳು."

ಶಿವಾನಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಅತ್ತೆ ನೋಡಲಿಲ್ಲ, ಸಾರಿನ ಪಾತ್ರೆಯನ್ನೇ ನೋಡುತ್ತಿದ್ದರು.

"ಹೂಂ" ಅಂದೆ. "ಆ ತಟ್ಟೆ ನೋಡ್ಕೊಳ್ತಿದ್ದೋಳು ನಾನೇ."